ಮುನ್ನೂರ ಹನ್ನೆರಡು ವಾಯ್ಸ್ ಮೆಸೇಜು

ಜೂನ್ 9, 2025, ಸೋಮವಾರ. ಮಧ್ಯಾಹ್ನ 1.40

ಬ್ಯಾಕಪ್ ಓಡುತ್ತಿದೆ. ಇಪ್ಪತ್ತು ನಿಮಿಷ ಆಫೀಸ್ ಚಾಟ್ ಬಂದ್. ಎಲ್ಲರೂ ಊಟಕ್ಕೆ ಹೋಗುವ ಹೊತ್ತು ಅಂತಲೇ ಇದನ್ನು ಆರಿಸಿದ್ದು. ಕುಮಟಾ ಶಾಖೆಯ ಸಂತೋಷನಿಗೆ ಮಾತ್ರ ಊಟಕ್ಕೆ ಕೂತಾಗಲೇ ಎಲ್ಲ ನೆನಪಾಗುತ್ತದೆ. ಫೋನ್ ಮಾಡಿದ.

"ದೀಪಕ್ಕಾ, ಚಾಟ್ ಎಂತಕ್ಕೆ ಸತ್ತದೆ?"

"ಸತ್ತಿಲ್ಲ ಮಾರಾಯ, ಮಲಗಿದೆ. ಎರಡು ಗಂಟೆಗೆ ಏಳ್ತದೆ."

ಇದು ನಮ್ಮ ಇಂಜಿನ್ ರಿಪೇರಿ ಕಂಪನಿಯ ಮಾಲೀಕ ಭಾಸ್ಕರಣ್ಣನ ಹಟ. ಮೂರು ಊರಿನ ಬೋಟ್ ಇಂಜಿನ್‌ಗಳ ಜಾತಕ ಹೊರಗಿನವರ ಕಂಪ್ಯೂಟರಿನಲ್ಲಿ ಯಾಕೆ, ನಮ್ಮದು ನಮ್ಮಲ್ಲೇ ಇರಲಿ. ಹಾಗಾಗಿ ಚಾಟ್, ಫೈಲು, ಕ್ಯಾಲೆಂಡರ್ ಎಲ್ಲ ಹೊನ್ನಾವರ ಆಫೀಸಿನ ಹಿಂದಿನ ಕೋಣೆಯ ಸರ್ವರಿನಲ್ಲಿ. ಪಕ್ಕದಲ್ಲಿ ಗ್ಯಾಸ್ಕೆಟ್ ಕಪಾಟು. ಎರಡಕ್ಕೂ ಕಾವಲು ನಾನು. ದೂರೇನಿಲ್ಲ. ಈ ಇಪ್ಪತ್ತು ನಿಮಿಷ ನನ್ನದೇ. ಒಣಮೀನು ಚಟ್ನಿ, ಗಂಜಿ, ಡೈರಿ.

ಜೂನ್ 12, ಗುರುವಾರ

ಇವತ್ತು ಬ್ಯಾಕಪ್ಪನ್ನು ಹಳೆಯ ಲ್ಯಾಪ್‌ಟಾಪಿಗೆ ಮರಳಿ ತುಂಬಿ ನೋಡಿದೆ. ಸರ್ವರ್ ಶುರುವಾದ ಎಂಟು ತಿಂಗಳಲ್ಲಿ ಮೊದಲ ಸಲ. ಮೆಸೇಜು ಎಲ್ಲ ಬಂದವು. ಹೆಮ್ಮೆಯಾಯಿತು. ಭಟ್ಕಳ ಶಾಖೆಯ ಹಿರಿಯ ಮೆಕ್ಯಾನಿಕ್ ನಾಗಪತಣ್ಣನ ವಾಯ್ಸ್ ಮೆಸೇಜ್ ಒತ್ತಿದೆ. 'ಫೈಲ್ ಸಿಗಲಿಲ್ಲ.' ಇನ್ನೊಂದು. ಸಿಗಲಿಲ್ಲ. ಅವರ ಮುನ್ನೂರ ಹನ್ನೆರಡೂ...

ಡೇಟಾಬೇಸ್ ಮಾತ್ರ ನಕಲಾಗುತ್ತಿತ್ತು. ಧ್ವನಿ, ಫೋಟೊ ಫೈಲುಗಳಿರುವ ಫೋಲ್ಡರ್ ಸೇರಿಸಿಯೇ ಇಲ್ಲ. ತಪ್ಪು ನನ್ನದೇ.

ಸರ್ವರಿನಲ್ಲಿ ಇವೆ ನಿಜ. ಆದರೆ ಅದೊಂದೇ ಪ್ರತಿ. ನಾಗಪತಣ್ಣ ಫೋನನ್ನು ಇಂಜಿನ್ ಹತ್ತಿರ ಹಿಡಿದು ಸದ್ದು ಕೇಳಿಸಿ, ಆಮೇಲೆ ರೋಗ ಹೇಳುತ್ತಿದ್ದರು. "ಈ ಟಕ್ ಟಕ್ ಕೇಳ್ತಾ? ಅದು ವಾಲ್ವ್. ಇಂಜೆಕ್ಟರ್ ಬಿಚ್ಚಿ ಟೈಮ್ ಹಾಳ್ ಮಾಡ್ಬೇಡಿ." ಜನವರಿಯಲ್ಲಿ ಗಂಟಲಿನ ಆಪರೇಶನ್ ಆಯಿತು. ಆ ಗಂಟೆಯಂಥ ಧ್ವನಿ ಈಗ ಇಲ್ಲ. ಡಾಕ್ಟರು ಸ್ವಲ್ಪ ಸ್ವಲ್ಪ ಮಾತಾಡಿ ಎಂದಿದ್ದಾರೆ. ಅವರಿಗೇ ಮನಸ್ಸಿಲ್ಲ. ಏನಿದ್ದರೂ ಟೈಪ್ ಮಾಡುತ್ತಾರೆ.

ಜೂನ್ 13, ಶುಕ್ರವಾರ

ಭಾಸ್ಕರಣ್ಣನಿಗೆ ಹೇಳಿಬಿಟ್ಟೆ.

"ಎಂತ ಆತು? ಹೋಯ್ತಾ?"

"ಹೋಗಲಿಲ್ಲ. ಹೋಗೂದಿತ್ತು."

"ಸರಿ. ಈಗ ಎಂತ ಮಾಡೂದು, ಬರ್ಕೊಂಡು ಬಾ."

ಬರೆದುಕೊಟ್ಟೆ. ಡೇಟಾಬೇಸ್, ಫೈಲು, ಸೆಟ್ಟಿಂಗ್ — ಮೂರೂ ಒಟ್ಟಿಗೆ, ದಿನಾ. ಒಂದು ಪ್ರತಿ ಇಲ್ಲೇ ಬೇರೆ ಡಿಸ್ಕಿನಲ್ಲಿ, ಒಂದು ಭಟ್ಕಳದಲ್ಲಿ. ತಿಂಗಳಿಗೊಮ್ಮೆ ಮರಳಿ ತುಂಬಿ ನೋಡುವುದು. ಓದಿ ಸಹಿ ಹಾಕಿದರು. ಬೈಯಲಿಲ್ಲ.

ಜೂನ್ 17, ಮಂಗಳವಾರ

ನೆಟ್ ಮೇಲೆ ಕಳಿಸಿದರೆ ಮೊದಲ ಪ್ರತಿಗೆ ವಾರ ಬೇಕು. ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಭಟ್ಕಳಕ್ಕೆ ಹೋದೆ. ಇನ್ನು ದಿನಾ ಹೊಸದಷ್ಟೇ ನೆಟ್ ಮೇಲೆ ಹೋದರೆ ಸಾಕು.

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಇರುವ ಕಾಲ, ಶೆಡ್ ತುಂಬ ಬಿಚ್ಚಿಟ್ಟ ಇಂಜಿನ್. ನಾಗಪತಣ್ಣನಿಗೂ ವಿಷಯ ಹೇಳಿದೆ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: 'ಅದನ್ನೆಲ್ಲ ಈಗ ಯಾರು ಕೇಳ್ತಾರೆ ತಂಗಿ.'

ಪಿಸ್ಟನ್ ಒರೆಸುತ್ತಿದ್ದ ಅವರ ಶಿಷ್ಯ ಗಣಪಿ ತಲೆ ಎತ್ತದೆ ಹೇಳಿದ, "ನಾನು ದಿನಾ ಕೇಳ್ತೆ."

ನಾಗಪತಣ್ಣ ಅವನನ್ನೇ ನೋಡಿದರು. ಫೋನನ್ನು ಜೇಬಿಗೆ ಹಾಕಿಕೊಂಡರು.

ಜುಲೈ 24, ಗುರುವಾರ. ಬೆಳಿಗ್ಗೆ 9.15

ಹಿಂದಿನ ಕೋಣೆಯ ಚಾವಣಿ ಸೋರಿದೆ. ಸರ್ವರ್ ಒಳಗೆ ನೀರು. ಕೆಳಗಿನ ಹಲಗೆಯಲ್ಲಿದ್ದ ಬ್ಯಾಕಪ್ ಡಿಸ್ಕಿನೊಳಗೂ ನೀರು! ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟ ಜಾಣೆ ನಾನೇ. ಬೋಟು ನೀರಿಗಿಳಿಯಲು ಇನ್ನು ಎಂಟೇ ದಿನ. ಯಾವ ಇಂಜಿನ್ನಿಗೆ ಏನು ಹಾಕಿದೆ, ಎಲ್ಲ ಅದರಲ್ಲೇ. ಭಟ್ಕಳಕ್ಕೆ ಫೋನ್ ಮಾಡಿದೆ. "ಡಿಸ್ಕ್ ಹಿಡ್ಕೊಂಡು ಈಗ್ಲೇ ಬತ್ತೆ," ಎಂದ ಗಣಪಿ.

ಅದೇ ದಿನ, ಸಂಜೆ 5

ವ್ಯಾನಿನಿಂದ ಗಣಪಿಯ ಹಿಂದೆಯೇ ನಾಗಪತಣ್ಣನೂ ಇಳಿದರು. ರೇನ್‌ಕೋಟು ಅವರ ಮೈಮೇಲಿಲ್ಲ, ಡಿಸ್ಕಿನ ಸುತ್ತ. ಮೈ ಅರ್ಧ ಒದ್ದೆ. ಡಿಸ್ಕ್ ಬೆಚ್ಚಗೆ, ಒಂದು ಹನಿಯೂ ತಾಗದೆ.

ಕೌಂಟರಿನ ಕಂಪ್ಯೂಟರನ್ನೇ ಸರ್ವರ್ ಮಾಡಿದೆ. ನಾಲ್ಕು ತಾಸು. ಭಾಸ್ಕರಣ್ಣ ಮೂರು ಸಲ ಚಹಾ ತರಿಸಿದರು, "ಬಂತಾ?" ಅಂತ ಒಂದು ಸಲವೂ ಕೇಳಲಿಲ್ಲ. ಎಷ್ಟು ಕಷ್ಟಪಟ್ಟಿರಬೇಕು ಪಾಪ. ನಾಗಪತಣ್ಣ ಸ್ಟೂಲ್ ಬಿಟ್ಟು ಏಳಲಿಲ್ಲ.

ಬಂತು. ಮೊದಲು ಒತ್ತಿದ್ದು ಅವರ ಒಂದು ವಾಯ್ಸ್ ಮೆಸೇಜನ್ನೇ. ಇಂಜಿನ್ ಗುಡುಗು, ಅದರ ಮೇಲೆ ಆ ಧ್ವನಿ — "ಏ ಗಣಪಿ, ಕಿವಿ ಕೊಟ್ ಕೇಳು, ಬಾಯ್ ಮುಚ್ಚು!" ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಕಳೆದದ್ದು ನಿನ್ನೆ ಮಧ್ಯಾಹ್ನದ ನಂತರದ್ದು ಮಾತ್ರ. ಎರಡು ಫೋಟೊ, ಸಂತೋಷನ ಒಂದು ಜಗಳ. ಇನ್ನು ಮೇಲೆ ಇಲ್ಲಿಯ ಪ್ರತಿ ಭಾಸ್ಕರಣ್ಣನ ಮನೆಯಲ್ಲಿ.

ಜುಲೈ 31, ಗುರುವಾರ. ಬೆಳಿಗ್ಗೆ 11

ನಾಳೆ ಬೋಟು ಹೊರಡುತ್ತವೆ. ಕುಮಟಾದಲ್ಲಿ ಒಂದು ಇಂಜಿನ್ ಕೈಕೊಟ್ಟಿದೆ. ಸಂತೋಷ ಅದರ ಸದ್ದನ್ನು ರೆಕಾರ್ಡ್ ಮಾಡಿ ಚಾಟ್‌ಗೆ ಹಾಕಿದ್ದಾನೆ. ಕೆಳಗೆ ಹತ್ತು ಜನರ ಹತ್ತು ಊಹೆ. ನಾಗಪತಣ್ಣನ ಹೆಸರಿನ ಮುಂದೆ 'ಟೈಪ್ ಮಾಡುತ್ತಿದ್ದಾರೆ'. ನಿಂತಿತು. ಮತ್ತೆ ಶುರು. ಮತ್ತೆ ನಿಂತಿತು.

ಬಂತು. ಅಕ್ಷರವಲ್ಲ — ವಾಯ್ಸ್ ಮೆಸೇಜ್! ಒಂಬತ್ತು ಸೆಕೆಂಡ್. ಒಡೆದ ಧ್ವನಿ, ಪಿಸುಮಾತಿಗಿಂತ ಚೂರೇ ಮೇಲೆ. ಆದರೆ ಗದರುವ ರೀತಿ ಅದೇ. "ಸಂತೋಷ, ಫೋನ್ ಇನ್ನೂ ಹತ್ರ ಹಿಡಿ. ನಾ ಹೇಳ್ತೆ..."

ಸಂತೋಷ ಹತ್ತಿರ ಹಿಡಿದು ಮತ್ತೆ ಕಳಿಸಿದ್ದಾನೆ. ನಾಗಪತಣ್ಣನ ಎರಡನೆಯದೂ ಬಂತು. ತಡಿ, ಕೇಳಿ ಬರೆಯುತ್ತೇನೆ.