ಸಾವೆ ನದಿಯ ದುಭಾಷಿ

ಜೂನ್ ೧೧, ಚಿಮೊಯೊ

ಸಾವೆ ಹೊಳೆಯ ನೀರಿನ ಬಗ್ಗೆ ಎರಡು ದೇಶಗಳ ಮಾತುಕತೆ, ಎರಡನೇ ದಿನ. ಬೆಳಿಗ್ಗೆಯಿಂದ ದುಭಾಷಿಯ ಗಾಜಿನ ಗೂಡಿನಲ್ಲಿ. ಇಂಗ್ಲಿಷಿನಿಂದ ಪೋರ್ಚುಗೀಸಿಗೆ, ಪೋರ್ಚುಗೀಸಿನಿಂದ ಇಂಗ್ಲಿಷಿಗೆ. ಗಂಟಲು ಒಣಗಿದೆ.

ಹೊಳೆ ಹರಿದು ಬರುವ ಮೇಲಿನ ದೇಶದ ಎಂಜಿನಿಯರ್ ಮಕ್ವಿರಾ ಎದ್ದರು. ದುಭಾಷಿ ‘ಅವರು’ ಅನ್ನುವಂತಿಲ್ಲ, ‘ನಾನು’ ಅನ್ನಬೇಕು. ಅಂದೆ. “ಅಣೆಕಟ್ಟಿನ ಬಾಗಿಲು ನಾನೇ ತೆರೆಸಿದೆ. ಮೊದಲೇ ತಿಳಿಸಿದ್ದೆ.” ನನ್ನ ಬಾಯಿಂದ. ಆ ನೀರೇ ನನ್ನ ತಮ್ಮನನ್ನು ಒಯ್ದದ್ದು.

ನಮ್ಮ ತಂಡದ ಮುಖ್ಯಸ್ಥ ಕಸ್ತೀಗು ಉತ್ತರ ಕೊಟ್ಟರು: “ನಮಗೆ ಯಾವ ಸುದ್ದಿಯೂ ಬಂದಿಲ್ಲ.” ಅದನ್ನೂ ನಾನೇ ಅಂದೆ.

ಇಬ್ಬರ ಮಾತಿನ ನಡುವೆ ಹೆಡ್‌ಫೋನಿನಲ್ಲಿ ಯಾರೋ ಕೆಮ್ಮಿದಂತೆ... ತಮ್ಮ ಹಾಗೇ ಕೆಮ್ಮುತ್ತಿದ್ದ. ಮೈಕಿನವನನ್ನು ಕೇಳಿದೆ. “ಲೈನ್ ಸರಿಯಾಗೇ ಇದೆ ಮೇಡಂ” ಅಂದ.

ಜೂನ್ ೧೨, ಚಹಾ ಆದ ಮೇಲೆ

ಮಕ್ವಿರಾ ಹತ್ತಿರ ಬಂದು ತಮ್ಮ ಭಾಷೆ ಶೋನಾದಲ್ಲಿ ಮಾತಾಡಿಸಿದರು. ನನ್ನ ಮನೆಮಾತು ನ್ದಾವು. ಎರಡೂ ಅಕ್ಕತಂಗಿಯರು — ಅರ್ಥವಾಗದೆ ಏನು.

“ನಿನ್ನೂರು ಯಾವುದು ತಂಗಿ?”

“ಮಷಾಂಗ.”

ಕಪ್ಪು ಕೆಳಗಿಟ್ಟರು. ಹೊಳೆ ನುಗ್ಗಿದ ಊರು ಅಂತ ಗೊತ್ತು ಅವರಿಗೆ.

“ಅವತ್ತು ನಿಮ್ಮ ಕಡೆ ಕಚೇರಿಗೆ ಫೋನ್ ಮಾಡಿದ್ದು ಸುಳ್ಳಲ್ಲಮ್ಮ. ಯಾರೋ ಎತ್ತಿದ. ಇಂಗ್ಲಿಷಲ್ಲಿ ಹೇಳ್ದೆ, ನೀರು ಬರ್ತಿದೆ, ಜನಾನ ಎಬ್ಬಿಸಿ ಅಂತ. ‘ಸಿಂ, ಸಿಂ’ ಅಂದು ಇಟ್ಟುಬಿಟ್ಟ. ಸಿಂ ಅಂದ್ರೆ ಹೌದು, ಅಷ್ಟು ಗೊತ್ತಿತ್ತು. ನೆಮ್ಮದಿಯಾಗಿ ಮಲಗ್ದೆ.”

“ಆ ಕಚೇರೀಲಿ ಯಾರಿಗೂ ಇಂಗ್ಲಿಷ್ ಬರಲ್ಲ.”

“ಈಗ ಆಡ್ತಿದೀವಲ್ಲ, ಈ ಮಾತಲ್ಲೇ ಹೇಳಿದ್ರೆ ಆಗ್ತಿತ್ತು. ಸರ್ಕಾರಿ ವಿಷ್ಯ ಅಂತ ಇಂಗ್ಲಿಷ್ ಹಿಡ್ಕೊಂಡೆ.”

ಬಯ್ಯಬೇಕೆನಿಸಿತು. ಬೈಗುಳವೂ ಇಬ್ಬರ ಭಾಷೆಯಲ್ಲೂ ಒಂದೇ. ಎದ್ದು ಗೂಡಿಗೆ ಹಿಂತಿರುಗಿದೆ.

ಜೂನ್ ೧೩

ದುಭಾಷಿ ಸ್ವಂತ ಮಾತು ಆಡಬಾರದು. ಆಡಿದೆ. ಮೈಕಿನಲ್ಲಿ, ಎರಡೂ ಭಾಷೆಯಲ್ಲಿ. ಫೋನಿನ ಕಥೆ ಪೂರ್ತಿ ಹೇಳಿ — ಇನ್ನು ಎಚ್ಚರಿಕೆ ಹೊಳೆದಂಡೆಯ ಜನರ ಮಾತಿನಲ್ಲಿ ಬರಲಿ ಅಂದೆ.

ಕಸ್ತೀಗು ಬಂದು ಗಾಜು ಕುಟ್ಟಿದರು. “ಎರ್ಮೆಲಿಂದಾ, ನಿಮ್ಮನ್ನ ಕರೆಸಿದ್ದು ಬಾಯಿ ಆಗೋಕೆ. ತಲೆ ಆಗೋಕಲ್ಲ.”

ಮಕ್ವಿರಾ ಎದ್ದು ನಿಂತು ಒಪ್ಪಿಗೆ ಅಂದರು. ಇಂಗ್ಲಿಷಿನಲ್ಲಲ್ಲ, ಶೋನಾದಲ್ಲಿ. ಒಪ್ಪಂದಕ್ಕೆ ಆ ಸಾಲು ಸೇರಿತು. ನನ್ನ ಕೆಲಸ ಹೋಯಿತು.

ಜುಲೈ ೨೦, ಮಷಾಂಗ

ಅವ್ವನ ಜೊತೆ. ತಮ್ಮನ ಕೆಮ್ಮು ಇಲ್ಲಿಗೂ ಬಂದಿದೆ. ಮಾವಿನ ಮರದ ಕಡೆಯಿಂದ, ಹಾಡಹಗಲೇ. ಅವ್ವನಿಗೂ ಕೇಳಿಸುತ್ತದಂತೆ. “ಹೆಣ ಸಿಗದೋನು ಎಲ್ಲಿಗೆ ಹೋಗ್ತಾನೆ?” ಅನ್ನುತ್ತಾಳೆ.

ಮಧ್ಯಾಹ್ನ ಮಕ್ವಿರಾ ಬಂದರು. ಒಬ್ಬರೇ, ಬಸ್ಸಿನಲ್ಲಿ. ಬಾಗಿಲ ಹೊರಗೆ ನೆಲಕ್ಕೆ ಕೂತು, ಹಿರಿಯರೆದುರು ತಟ್ಟುವಂತೆ ಮೆಲ್ಲನೆ ಅಂಗೈ ತಟ್ಟಿದರು.

“ಯಾರಪ್ಪ ನೀನು?”

“ನೀರು ಬಿಟ್ಟೋನು, ಅಮ್ಮ.”

ಅವ್ವ ಚಾಪೆ ಸರಿಸಿ ಜಾಗ ಮಾಡಿದಳು. “ಅಷ್ಟು ದೂರದಿಂದ ಬಂದಿದೀಯ. ನೆರಳಿಗೆ ಬಾ.”

ದುಭಾಷಿ ಬೇಕಾಗಲಿಲ್ಲ.

“ಮಗನ ಹೆಸರೇನಮ್ಮ?”

ನೀರು ಬಂದ ಮೇಲೆ ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವ್ವ ಹೇಳಿದಳು — ಅಪ್ಪನ ಹೆಸರೂ ಸೇರಿಸಿ, ಪೂರ್ತಿ. ಮಕ್ವಿರಾ ಹೊಳೆಯ ಕಡೆ ತಿರುಗಿ ಆ ಹೆಸರು ಹಿಡಿದು ಕರೆದರು. ಊಟಕ್ಕೆ ಕರೆಯುವಂತೆ.

ನಾನೂ ಬರೆಯಬಹುದು ಈಗ. ಫನುಯೆಲ್ ಸಿಮಾಂಗೊ. ನೀರು ಬಂದ ರಾತ್ರಿ ನನಗೆ ಫೋನ್ ಮಾಡಿದ್ದ. “ಅಕ್ಕಾ, ನೀರು ಅಂಗಳಕ್ಕೆ—” ಅಲ್ಲಿಗೆ ಲೈನ್ ಕಡಿಯಿತು.