ಗೌರಿಗೆ ದಾಸಣ್ಣ ಬರೆದ ಇನ್ನೊಂದು ಕೊನೆ

ಚನ್ನಪಟ್ಟಣ
೨೨ ಜೂನ್ ೨೦೨೫

ಮಗಳು ನವ್ಯಶ್ರೀಗೆ ನಿನ್ನ ಫಕ್ರು ಮಾಮನ ಸಲಾಮು ಮತ್ತು ಆಶೀರ್ವಾದ.

ನಿನ್ನ ಅಪ್ಪ ದಾಸಣ್ಣ ಹೋಗಿ ಒಂಬತ್ತು ತಿಂಗಳಾಯಿತು. ಅವತ್ತಿನಿಂದಲೂ ನಿನಗೆ ಬರೆಯಲು ಕೂರುತ್ತೇನೆ, ಏಳುತ್ತೇನೆ. ರೋಶನ್ ಬೀ ಅತ್ತೆ ದಿನಾ ಬೈಯುತ್ತಾಳೆ. "ಬೊಂಬೆ ಕಡೆಯೋವಾಗ ನಡುಗದ ಕೈ, ಕಾಗದ ಅಂದ್ರೆ ಮಾತ್ರ ನಡುಗ್ತದಾ?" ಅನ್ನುತ್ತಾಳೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ, ಬಿಡು.

ಮಗು ಚೆನ್ನಾಗಿದೆಯಾ? ಮೂರು ತುಂಬಿತಲ್ಲ. ಅದಕ್ಕೆಂದು ಆಲೆಮರದ ಒಂದು ಗಿಲಕಿ ಕಡೆದು, ಅರಗಿನ ಕೆಂಪು ಬಣ್ಣ ಹಾಕಿ ಇಟ್ಟಿದ್ದೆ. ಇಟ್ಟೂ ಇಟ್ಟೂ ಅದು ಗಿಲಕಿ ಆಡುವ ವಯಸ್ಸೇ ದಾಟಿತು. ಈಗ ಒಂದು ಕುದುರೆ ಮಾಡುತ್ತಿದ್ದೇನೆ.

ನಿನ್ನ ಅಪ್ಪನ ವಿಷಯಕ್ಕೆ ಬರುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾ ಚೀಟಿಯ ಹಿಂದೆ ನಾಟಕದ ಮಾತು ಗೀಚುತ್ತಿದ್ದ. ಇಪ್ಪತ್ತೆಂಟು ನಾಟಕ ಬರೆದ. ಮಾಗಡಿಯಿಂದ ಕನಕಪುರದವರೆಗೆ ಅವನ ಹೆಸರು ಕೇಳದ ಊರಿಲ್ಲ. ಆದರೆ ಜನ ಹಿಡಿದುಕೊಂಡದ್ದು ಒಂದನ್ನೇ, ‘ಹೊಸಿಲಾಚೆಯ ಗೌರಿ’. ಅಪ್ಪನ ಮಾತು ಮೀರಿ ಮದುವೆಯಾದ ಗೌರಿ ತವರಿನ ಬಾಗಿಲಿಗೆ ಬರುತ್ತಾಳೆ. "ಈ ಬಾಗ್ಲು ನಿಂದಲ್ಲ" ಎಂದು ಅಪ್ಪ ಕದ ಹಾಕುತ್ತಾನೆ. ಅವಳು ಕೆರೆಗೆ ಬೀಳುತ್ತಾಳೆ. ಆ ಅಪ್ಪನ ಪಾರ್ಟು ಯಾವಾಗಲೂ ನಿನ್ನ ಅಪ್ಪನದೇ. ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಕೊಡುವವನು ನಾನು. ಮೂವತ್ತೊಂದು ವರ್ಷ! ಆ ಮಾತಿಗೆ ಜನ ಒನ್ಸ್ ಮೋರ್ ಕೂಗಿದರೆ ಪುಣ್ಯಾತ್ಮ ಎರಡೆರಡು ಸಲ ಕದ ಹಾಕುತ್ತಿದ್ದ.

ನೀನು ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಜೊತೆಗೆ ದುಡಿಯುತ್ತಿದ್ದ ಅಶ್ವಥ್‌ನನ್ನು ಮದುವೆಯಾಗಿ ತಿಪ್ಪಸಂದ್ರದ ಮನೆ ಮುಂದೆ ನಿಂತ ದಿನ ನಾನೂ ಜಗುಲಿಯಲ್ಲಿದ್ದೆ. ನಿನ್ನ ಅಪ್ಪ ಹೇಳಿದ್ದು ನಾಟಕದ ಅದೇ ಮಾತು. ಸ್ವಂತದ ಮಾತೊಂದು ಬಾಯಿಗೆ ಬರಲಿಲ್ಲವಲ್ಲ ಅವನಿಗೆ!

ಐದು ವರ್ಷ ಕಳೆದ ಮೇಲೆ, ಹೋದ ವರ್ಷ ಜುಲೈನಲ್ಲಿ, ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದ. ಅಷ್ಟರಲ್ಲಿ ಅವನಿಗೆ ಮರೆವು ಹತ್ತಿತ್ತು. ಬೆಳಿಗ್ಗೆ ಏನು ತಿಂದೆ ಅಂದರೂ ನೆನಪಿರುತ್ತಿರಲಿಲ್ಲ. ಜೇಬಿನಿಂದ ಒಂದು ಹಾಳೆ ತೆಗೆದ.

"ಕೊನೆ ಬದಲಾಯ್ಸಿವ್ನಿ ಕಣ್ಲಾ ಫಕ್ರು. ರಾಮನಗರದಾಗೆ ನಾಟ್ಕ ಐತಲ್ಲ, ನವ್ಯಂಗೆ ಮುಂದ್ಗಡೆ ಕುರ್ಚಿ ಹಾಕ್ಸಿವ್ನಿ. ಮನೆಗೋಗಿ ಕರೆಯಕ್ಕೆ ಮೊಕ ಇಲ್ಲ. ಸ್ಟೇಜ್ ಮ್ಯಾಲಿಂದ್ಲೇ ಕರೀತೀನಿ."

"ನೆಪ್ಪಿರ್ತದಾ ದಾಸಣ್ಣ?"

"ಇರಾಕಿಲ್ಲ. ನೀನ್ ಏನ್ ಕೊಡ್ತೀಯೋ ಅದೇ ನನ್ ಬಾಯಾಗೆ ಬರೋದು. ಒಸಿ ಜ್ವಾಪಾನ ಕಣ್ಲಾ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಟಕ ಶುರುವಾಯಿತು. ಅವನು ಹೇಳಿ ಕಳಿಸಿದ್ದಕ್ಕೆ ನೀನು ಬಂದು ಕೂತದ್ದನ್ನು ನೋಡಿದೆ. ಕೊನೆಯಲ್ಲಿ ಏನಾಯಿತೆಂದು ನಿನಗೇ ಗೊತ್ತು. ಅದೇ ಹಳೆಯ ಮಾತು, ಅದೇ ಕದ. ನೀನು ಎದ್ದು ಹೋದೆ. ಮರುದಿನ ನನಗೆ ಫೋನಿನಲ್ಲಿ "ಅಪ್ಪ ನನ್ನ ಕರೆಸ್ಕಂಡು ಸಾವ್ರ ಜನದ ಮುಂದೆ ಇನ್ನೊಂದ್ಸಲ ಕದ ಹಾಕ್ಬುಟ್ರು ಮಾಮ" ಎಂದು ನೀನು ಅತ್ತೆ. ಆಗಲಾದರೂ ಹೇಳಬೇಕಿತ್ತು, ಹೇಳಲಿಲ್ಲ. ಎರಡು ತಿಂಗಳಿಗೆ ಅವನು ಸತ್ತ. ನೀನು ಮಣ್ಣಿಗೂ ಬರಲಿಲ್ಲ.

ಕೇಳು ಮಗಳೇ, ಕದ ಹಾಕಿದವನು ಅವನಲ್ಲ, ನಾನು. ಕಣ್ಣಿಗೆ ಪೊರೆ ಬಂದಿತ್ತು. ಹೊಸ ಹಾಳೆ ಕಾಣಲಿಲ್ಲ, ಬಾಯಿಪಾಠದ ಹಳೆಯ ಮಾತು ಕೊಟ್ಟುಬಿಟ್ಟೆ. ಅವನು ಕೊಟ್ಟದ್ದನ್ನು ಹೇಳಿದ, ಅಷ್ಟೆ. ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ವಕ್ರವಾಗಿದೆ, ನಿಧಾನವಾಗಿ ಓದು. ಗೌರಿ ಹೊಸಿಲಾಚೆ ನಿಂತಿದ್ದಾಳೆ. ಅಪ್ಪ ಕದ ತೆಗೆದು ಹೇಳುವುದು ಇಷ್ಟೇ: "ಯಾಕವ್ವ ಅಲ್ಲೇ ನಿಂತ್ಕಂಡೆ? ಒಳಿಕ್ ಬಾ. ಉಂಡ್ಯಾ?"

ಮೂವತ್ತೊಂದು ವರ್ಷ ಆರ್ಭಟಿಸಿದವನು ಕೊನೆಗೆ ಬರೆದದ್ದು ಇದು. ಅವನ ಮೇಲೆ ಕೋಪ ಇಟ್ಟುಕೊಳ್ಳಬೇಡ. ಇದ್ದರೆ ನನ್ನ ಮೇಲಿರಲಿ. ನೀನು, ಅಶ್ವಥ್, ಮಗು ನೂರು ಕಾಲ ಸುಖವಾಗಿರಿ. ಕುದುರೆಗೆ ಬಣ್ಣ ಹಾಕಿದ ಕೂಡಲೇ ಕಳಿಸುತ್ತೇನೆ.

ನಿನ್ನ
ಫಕ್ರು ಮಾಮ
(ಫಕ್ರುದ್ದೀನ್)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಕಣ್ಣಿನ ಮಾತು ಸುಳ್ಳು. ಪೊರೆಯನ್ನು ನಾಟಕಕ್ಕೆ ನಾಲ್ಕು ತಿಂಗಳ ಮುಂಚೆಯೇ ತೆಗೆಸಿದ್ದೆ. ಹಾಳೆ ಚೆನ್ನಾಗಿ ಕಾಣುತ್ತಿತ್ತು. ಜನ ಆಗಲೇ ಸೆರಗು ಹಿಡಿದು ಅಳಲು ಕಾಯುತ್ತಿದ್ದರು. ‘ಉಂಡ್ಯಾ’ ಅಂದರೆ ನಕ್ಕುಬಿಡುತ್ತಾರೇನೋ, ಅಂಥ ನಾಟಕ ಕೆಟ್ಟುಹೋಗುತ್ತದೇನೋ ಅನ್ನಿಸಿತು. ಬೇಕೆಂದೇ ಹಳೆಯದನ್ನು ಕೊಟ್ಟೆ.

ಪರದೆ ಬಿದ್ದ ಮೇಲೆ ಅವನು ನಿನ್ನ ಖಾಲಿ ಕುರ್ಚಿ ನೋಡಿ ಬಂದು ನನ್ನ ತೋಳು ಹಿಡಿದ. "ಹೊಸಾದ್ನೇ ಯೋಳ್ದೆ ತಾನೆ ನಾನು?" ಅಂದ. ಹೆದರಿ, ಹೂಂ ದಾಸಣ್ಣ ಅಂದೆ.

"ಉಂಡ್ಯಾ ಅಂದ್ನಾ?"

"ಅಂದೆ" ಅಂದೆ ನಾನು.

"ಹಂಗಂದ್ರೂ ನವ್ಯ ಬರ್ನಿಲ್ವಲ್ಲೋ ಫಕ್ರು" ಅಂದ. ಸಾಯುವ ದಿನದವರೆಗೂ ಅದನ್ನು ಮಾತ್ರ ಅವನು ಮರೆಯಲಿಲ್ಲ.