ಏಪ್ರಿಲ್ ತಿಂಗಳ ಇಬ್ಬನಿ

ಮಡಕಶಿರ
24 ಏಪ್ರಿಲ್ 2025, ಗುರುವಾರ

ವಿದ್ಯಾ,

ನೀನು ಸುಳ್ಳು ಇಬ್ಬನಿ ಮಾಡಿದೆ. ಅದನ್ನು ನಿಜವೆಂದು ನಾಲ್ಕು ಜನರ ಮುಂದೆ ತೂಗುಹಾಕಿದೆ. ಇದು ತಪ್ಪು.

ಕಾಗದವೆಂದರೆ ಮೊದಲು ಕ್ಷೇಮ ವಿಚಾರಿಸಬೇಕು, ಗೊತ್ತು. ಈಗ ವಿಚಾರಿಸುತ್ತೇನೆ. ಹೇಗಿದ್ದೀಯ? ನಿಮ್ಮ ತಾಯಿ ಅಂಬಮ್ಮನವರ ಮಂಡಿನೋವು ಹೇಗಿದೆ? ರಾಯದುರ್ಗದ ಬಿಸಿಲು ಇಲ್ಲಿಗಿಂತ ಜೋರೇ? ನಿನ್ನ ಮೆಸೇಜುಗಳನ್ನೆಲ್ಲ ನೋಡಿಯೂ ಇಷ್ಟು ದಿನ ಸುಮ್ಮನಿದ್ದೆ, ಅದಕ್ಕೆ ಕ್ಷಮಿಸು. ಫೋನ್ ಮಾಡಿದರೆ ನೀನು ನಗುತ್ತೀಯ. ನೀನು ನಕ್ಕರೆ ನನಗೂ ನಗು ಬರುತ್ತದೆ, ಸಿಟ್ಟು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ.

ಅನಂತಪುರದ ಫೋಟೋ ಪ್ರದರ್ಶನಕ್ಕೆ ನಾನು ಹೋಗಿದ್ದೆ. ನಿನಗೆ ಹೇಳದೆ ಹೋಗಿದ್ದೆ. ನಮ್ಮ ಹಿತ್ತಲಿನ ಕೆಂಪು ದಾಸವಾಳ ಅಲ್ಲಿ ಬಾಗಿಲಿನಷ್ಟು ಎತ್ತರಕ್ಕೆ ನಿಂತಿತ್ತು. ಕೇಸರದ ತುದಿಯ ಐದು ಗುಂಡುಗಳು ಮಖಮಲ್ಲಿನ ಹಾಗಿದ್ದವು. ಎಸಳಿನ ಅಂಚಿನಲ್ಲಿ ಒಂದು ಹನಿ, ಆ ಹನಿಯೊಳಗೆ ನಮ್ಮ ಮನೆಯ ಬಾಗಿಲು ತಲೆಕೆಳಗಾಗಿ. ಜನ ಉಸಿರು ಬಿಡದೆ ನೋಡುತ್ತಿದ್ದರು. ನಾನೂ ನೋಡಿದೆ. ಅಷ್ಟು ಚೆನ್ನಾಗಿತ್ತು. ಕೆಳಗೆ ಚೀಟಿ: ‘ಮುಂಜಾನೆಯ ಇಬ್ಬನಿ, ಮಡಕಶಿರ’.

ಉಗಾದಿ ಕಳೆದ ಮೇಲೆ ಮಡಕಶಿರದಲ್ಲಿ ಯಾವ ಇಬ್ಬನಿ? ಆ ರಾತ್ರಿಯೇ ಫೋನಿನಲ್ಲಿ ಕೇಳಿದೆ. ನೀನು ಏನಂದೆ ನೆನಪಿದೆಯೇ?

“ಗ್ಲಿಸರಿನ್ ಲೇ ಹುಚ್ಚಿ! ಸೂಜಿ ತುದೀಲೆ ಒಂದ್ ಹನಿ ಇಟ್ಟೆ. ಎಲ್ಲಾರೂ ಹಂಗ ಮಾಡ್ತಾರ. ಅದಕ್ಕ ಯಾಕ ಅಷ್ಟ್ ಉರ್ಕೊಂತಿ?”

ಎಲ್ಲರೂ ಮಾಡುತ್ತಾರೆ ಎನ್ನುವುದು ಯಾವ ಸುಳ್ಳನ್ನೂ ತೊಳೆಯುವುದಿಲ್ಲ. ನಾನು ಓದಿದ್ದು ನಾನೇ ಸಂತೆಯಲ್ಲಿ ಹಂಚುವ ತೆಳ್ಳನೆಯ ಪುಸ್ತಿಕೆ, ಕರಪತ್ರಗಳನ್ನೇ ಇರಬಹುದು, ನಿನ್ನ ಹಾಗೆ ಎಂ.ಎ. ಮಾಡಿಲ್ಲ. ಆದರೆ ಕಣ್ಣಿಗೆ ಕಾಣುವುದನ್ನೇ ನಂಬದ ಹಾಗೆ ಮಾಡುವವರು ಕೊನೆಗೆ ಜನರನ್ನು ಏನನ್ನಾದರೂ ನಂಬಿಸಬಲ್ಲರು ಎಂಬಷ್ಟು ನನಗೆ ಅರ್ಥವಾಗಿದೆ. ಚೀಟಿ ಬದಲಾಗಬೇಕು. ‘ಗ್ಲಿಸರಿನ್ ಹನಿ’ ಎಂದು ನೀನೇ ಬರೆಸಬೇಕು.

ಇಷ್ಟಕ್ಕೇ ಮುಗಿಸಿದ್ದರೆ ಈ ಕಾಗದ ನನ್ನ ಕರಪತ್ರಗಳಷ್ಟೇ ಶುದ್ಧವಾಗಿರುತ್ತಿತ್ತು.

ನಮ್ಮ ಅಮ್ಮನ ನೇಮ ನಿನಗೆ ತಿಳಿಯದು. ದೇವರಿಗೆ ಇಡುವ ಹೂವನ್ನು ಮೂಸಬಾರದು, ಅದಕ್ಕೆ ಉಸಿರು ಕೂಡ ತಾಕಬಾರದು, ತಾಕಿದರೆ ಎಂಜಲು. ಹತ್ತಿರದಿಂದ ಫೋಟೋ ತೆಗೆಯುವ ನಮ್ಮ ಕೆಲಸವೋ, ಮೂಗು ಹೂವಿಗೆ ತಗಲುವಷ್ಟು ಬಗ್ಗದೆ ಆಗುವುದಿಲ್ಲ. ಬೆಳಗ್ಗೆ ನಾನು ಫೋನಿಗೆ ಲೆನ್ಸ್ ಸಿಕ್ಕಿಸಿದರೆ ಸಾಕು, ಒಳಗಿನಿಂದಲೇ ಕೂಗು: “ದೂರ ಹೋಗೇ! ನರಸಿಂಹಸ್ವಾಮಿಗಿಂತ ಮುಂದೆ ನಿನ್ ಮೂಗಿಗೆ ಪೂಜೆ ಆಗ್ಬೇಕೇನೇ?” ಹಾಗಾಗಿ ನನಗೆ ಸಿಕ್ಕಿದ್ದು ಪೂಜೆಗೆ ಬಾರದ ಹೂಗಳು, ಹುಳು ತಿಂದವು, ಬಾಡಿದವು. ಅದನ್ನೇ ಒಂದು ಸಿದ್ಧಾಂತ ಮಾಡಿಕೊಂಡೆ. ಚೆಂದದ ಹೂವನ್ನು ಯಾರಾದರೂ ತೆಗೆಯುತ್ತಾರೆ, ತೂತು ಬಿದ್ದದ್ದನ್ನು ತೆಗೆಯುವವರು ಬೇಕು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ.

ನೀನು ಬಂದೆ. “ಅಮ್ಮಾ, ಎಷ್ಟ್ ಚಂದ ಬೆಳಸೀರಿ! ಒಂದ್ ಫೋಟೋ ತಗೊಳ್ಳೇನ್ರಿ?” ಅಂದೆ. ಹಿಪ್ಪುನೇರಳೆ ಸೊಪ್ಪು ಬಿಡಿಸುವ ನನ್ನಮ್ಮನಿಗೆ ಈ ಊರಿನಲ್ಲಿ ಯಾರೂ ‘ರಿ’ ಹಚ್ಚಿ ಮಾತಾಡಿದ್ದಿಲ್ಲ. ಮುಖವೆಲ್ಲ ಅರಳಿಸಿಕೊಂಡು “ತಗಳವ್ವ, ದೊಡ್ಡದನ್ನೇ ತಗ” ಅಂದಳು. ಅದೇ ದಾಸವಾಳ, ಅದೂ ಪೂಜೆಗೆ ಮುಂಚೆ! ನೀನು ತೆಗೆದಾದ ಮೇಲೆ ಅದನ್ನೇ ಕಿತ್ತು ನರಸಿಂಹಸ್ವಾಮಿಯ ನೆತ್ತಿಗೆ ಇಟ್ಟಳು.

ನೀನು ಕಟ್ಟು ಹಾಕಿಸಿ ಕಳಿಸಿದ ಫೋಟೋ ಈಗ ದೇವರ ಗೂಡಿನ ಪಕ್ಕದಲ್ಲಿದೆ. ಪಕ್ಕದ ಮನೆಯ ರಂಗಕ್ಕ ನೋಡಿ, “ಏನೇ ಹೇಮಾ, ಮನೆ ಮಗಳು ವರ್ಸಗಟ್ಲೆ ಬಗ್ಗಿ ಬಗ್ಗಿ ಸೊಂಟ ಮುರ್ಕಂಡ್ಲು, ಹೊರ್ಗಿಂದ್ ಬಂದ ಹುಡ್ಗಿ ಒಂದೇ ಏಟ್ಗೆ ಹೊಡ್ಕಂಡೋದ್ಲಲ್ಲೇ!” ಅಂದಳು. ರಂಗಕ್ಕನ ಮಾತನ್ನು ಉಗುಳಿಬಿಡಬಹುದು. ಮೊನ್ನೆ ಮುದ್ದೆ ಕಟ್ಟುತ್ತಾ ಅಮ್ಮ ಹೇಳಿದ್ದನ್ನು ಉಗುಳಲು ಆಗುತ್ತಿಲ್ಲ.

“ಆ ಹುಡ್ಗಿ ಕೈ ಚೆಂದ ಕಣೇ. ಅವ್ಳು ಹತ್ರಕ್ಕೆ ಹೋದ್ರೆ ಈ ಬಿಸ್ಲಲ್ಲೂ ಹೂವು ನೀರು ಬಿಡ್ತದೆ. ನಿಂಗ್ಯಾಕೆ ಒಂದಿನಾನೂ ಬಿಡಲ್ಲ?”

ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಮ್ಮಾ, ಅದು ನೀರಲ್ಲ, ಅಂಗಡಿಯ ಎಣ್ಣೆಯಂಥ ಔಷಧಿ, ನಿನ್ನ ದೇವರ ನೆತ್ತಿಗೆ ಅದನ್ನೇ ಇಟ್ಟಿದ್ದೀಯ ಅಂದರೆ ಸಾಕಿತ್ತು. ಆ ಗಳಿಗೆಯೇ ಫೋಟೋ ಇಳಿಯುತ್ತಿತ್ತು. ಅಮ್ಮ ಗೂಡು ತೊಳೆದು, ಶನಿವಾರ ಉಪವಾಸವಿದ್ದು, ನಿನ್ನ ಹೆಸರನ್ನು ಮತ್ತೆ ಎತ್ತುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಆದರೆ ಮೈಲಿಗೆ ಎನ್ನುವುದು ಮನುಷ್ಯರನ್ನು ದೂರವಿಡಲು ಮಾಡಿದ ಕತ್ತಿ ಎಂದು ಸಂತೆಯಲ್ಲಿ ಕರಪತ್ರ ಹಂಚಿದವಳು ನಾನು. ಅದೇ ಕತ್ತಿಯನ್ನು ಎತ್ತಿ ನಿನ್ನ ಕುತ್ತಿಗೆಗೆ ಇಡಲು ಹೊರಟಿದ್ದೆ. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಒಳ್ಳೆಯವಳೆಂದು ಹೇಳದೆ ಇದ್ದೆ ಅಂದುಕೊಳ್ಳಬೇಡ, ನಾಚಿಕೆಯಾಗಿ ಹೇಳಲಿಲ್ಲ. ಹೊಟ್ಟೆಕಿಚ್ಚು ಹಾಗೆಯೇ ಇದೆ.

ಆದ್ದರಿಂದ ಅಮ್ಮನಿಗೆ ನಾನು ಹೇಳುವುದಿಲ್ಲ, ಯಾವತ್ತೂ. ಚೀಟಿಯ ವಿಷಯ ಮಾತ್ರ ಬಿಡುವುದಿಲ್ಲ.

ನಿಮ್ಮ ಮನೆಯವರಿಗೆಲ್ಲ ನಮಸ್ಕಾರ. ನಾನು ನಿನಗೆ ಬರೆಯುತ್ತಿರುವುದು ತಿಳಿದು ಅಮ್ಮ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ನನ್ ಮಗ್ಳು ತಣ್ಣಗಿರ್ಲಿ, ಒಳ್ಳೆ ಕಡೆ ಸೇರ್ಲಿ ಅಂತ ಬರಿ. ಮರೀಬ್ಯಾಡ.” ಮರೆಯಲಿಲ್ಲ.

ಇನ್ನೂ ನಿನ್ನ ಗೆಳತಿಯೇ ಆಗಿರುವ,
ಹೇಮಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಆ ಬೆಳಗ್ಗೆ ನಾನು ಹಾಲು ತರಲು ಹೋಗಿದ್ದೆ ಎಂದು ನೀನು ತಿಳಿದಿದ್ದೀಯ. ಬೇಗ ಬಂದು ಬೇಲಿಯ ಆಚೆ ನಿಂತಿದ್ದೆ. ನೀನು ಹನಿ ಇಟ್ಟದ್ದು ಅದಕ್ಕೂ ಮೊದಲೇ ಇರಬೇಕು, ಅಮ್ಮನೂ ನಾನೂ ಕಾಣಲಿಲ್ಲ. ಗಾಳಿ ಬೀಸುತ್ತಿತ್ತು, ಹೂವು ನಿಲ್ಲುತ್ತಿರಲಿಲ್ಲ. ಅಮ್ಮ ನಿನ್ನ ಪಕ್ಕದಲ್ಲಿ ಮಂಡಿಯೂರಿ, ಎರಡು ಬೆರಳಲ್ಲಿ ಆ ದಾಸವಾಳದ ತೊಟ್ಟು ಹಿಡಿದಿದ್ದಳು. ಅಲುಗಬಾರದೆಂದು ಉಸಿರು ಕಟ್ಟಿದ್ದಳು, ನಿನ್ನ ಕೆನ್ನೆಯ ಹತ್ತಿರ ಅವಳ ಕೆನ್ನೆ. ನನ್ನ ಎಷ್ಟೋ ಫೋಟೋಗಳು ಗಾಳಿಗೆ ಕದಡಿಹೋಗಿವೆ, ವಿದ್ಯಾ. ಅಮ್ಮ ಒಮ್ಮೆಯೂ ಬಂದು ನನಗಾಗಿ ಒಂದು ತೊಟ್ಟು ಹಿಡಿದಿಲ್ಲ. ನಾನೂ ಒಮ್ಮೆಯೂ ಹಿಡಿ ಎಂದು ಕೇಳಿಲ್ಲ. ಕೇಳುವುದು ಹೇಗೆಂದು ನಿನ್ನಿಂದ ಕಲಿಯಬೇಕಿದೆ, ಅದಕ್ಕೇ ಇಷ್ಟು ಸಿಟ್ಟು. ಮನೆಗೆ ಬರಬೇಡ, ಬಂದರೆ ಅಮ್ಮ ನಿನ್ನವಳಾಗಿಬಿಡುತ್ತಾಳೆ. ಇಬ್ಬರಿಗೂ ನಡುವಿನ ಊರು ಪಾವಗಡ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ, ಮೇ ನಾಲ್ಕು, ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ.